ಮೇಲ್ ಸುರಿಯುವವನು ಯಾರೋ, ಶಿಕ್ಷೆ ನಮಗೆ

ಇವತ್ತು ಬೆಳಿಗ್ಗೆ ಮತ್ತೆ ಹಾಗೇ ಆಯ್ತು. ಅಪ್ಪೆಮಿಡಿ ಉಪ್ಪಿನಕಾಯಿಯ ಬಿಲ್ಲನ್ನು ಬೆಂಗಳೂರಿನ ಅಂಗಡಿಗೆ ಮೇಲ್ ಮಾಡಿದರೆ ಎರಡೇ ನಿಮಿಷಕ್ಕೆ ವಾಪಸ್! ನಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕದ ಗುರುತಿನ ಸಂಖ್ಯೆ, ಸ್ಪ್ಯಾಮ್ (ಬೇಡದ ಮೇಲ್) ಕಳಿಸುವವರ ಕಪ್ಪುಪಟ್ಟಿಯಲ್ಲಿದೆಯಂತೆ. ಈ ತಿಂಗಳಲ್ಲಿ ಇದು ಮೂರನೇ ಸಲ.

ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಮರ ಬಿದ್ದು ಕೇಬಲ್ ಹರಿಯುತ್ತದೆ. ಸಹಿಸಿಕೊಳ್ಳುತ್ತೇವೆ, ಮಳೆಯನ್ನು ಯಾರು ಬೈಯುವುದು? ಆದರೆ ಇದು ಮಳೆಯ ಕೆಲಸವಲ್ಲ. ನಮಗೆ ಇಂಟರ್ನೆಟ್ ಕೊಡುವ ಕಂಪನಿಯದೇ ಇನ್ಯಾವನೋ ಗಿರಾಕಿ ಸಾಲ, ಲಾಟರಿ, ಬೊಜ್ಜು ಕರಗಿಸುವ ಪುಡಿ ಅಂತ ಸಾವಿರಗಟ್ಟಲೆ ಮೇಲ್ ಸುರಿಯುತ್ತಾನೆ. ಕೊಳೆರೋಗ ಒಂದು ತೋಟದಿಂದ ಪಕ್ಕದ ತೋಟಕ್ಕೆ ದಾಟಿದ ಹಾಗೆ, ಅಕ್ಕಪಕ್ಕದ ವಿಳಾಸಗಳೂ ಕಪ್ಪುಪಟ್ಟಿ ಸೇರುತ್ತವೆ.

ಕಂಪನಿಗೆ ಇದು ಕಾಣುವುದಿಲ್ಲವೇ? ಮೇಲ್ ಸಾಗುವ ದಾರಿಯಾದ 25ನೇ ಪೋರ್ಟಿನಿಂದ ರಾತ್ರಿಯಿಡೀ ಮೇಲ್ ಹರಿದರೆ ಅವರ ಯಂತ್ರಕ್ಕೇ ಗೊತ್ತಾಗುತ್ತದೆ. ಅದನ್ನು ಮುಚ್ಚುವುದೂ ಅವರ ಕೈಯಲ್ಲೇ ಇದೆ. ನಾನು ದುಡ್ಡು ಕಟ್ಟುವುದು ಎರಡು ದಿನ ತಡವಾದರೆ ಮುಲಾಜಿಲ್ಲದೆ ಸಂಪರ್ಕ ಕಡಿಯುತ್ತಾರಲ್ಲ, ಅವನದ್ದು ಯಾಕೆ ಕಡಿಯುವುದಿಲ್ಲ? ಅವನ ದುಡ್ಡು ದುಡ್ಡು, ನಮ್ಮದು ಅಡಿಕೆ ಸಿಪ್ಪೆಯೇ?

ಫೋನ್ ಮಾಡಿದರೆ, "ರೌಟರ್ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದೆ, ಮೂರು ಸಲ ಮಾಡಿದೆ. ಅದರಿಂದ ಕಪ್ಪುಪಟ್ಟಿ ಅಳಿಸುತ್ತದೆಯೇ? ಜಾಹೀರಾತಿನ ಕರೆ, ಎಸ್ಸೆಮ್ಮೆಸ್ಸುಗಳ ಮೇಲೆ ದೂರು ಕೊಡಲು 1909 ನಂಬರ್ ಇದೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಇದೆ. ಮೇಲ್ ಆ ನಿಯಮಾವಳಿಯೊಳಗೆ ಬರುವುದೇ ಇಲ್ಲ. ನಾವು ಯಾರ ಬಾಗಿಲು ಬಡಿಯಬೇಕು?

ಮಧ್ಯಾಹ್ನ ಅಂಗಡಿಯವರದೇ ಫೋನ್: "ಏನ್ರೀ, ಬಿಲ್ ಕಳಿಸ್ಲೇ ಇಲ್ವಲ್ಲ?"