ಪೊರಕೆಕೋಲಿನ ಕ್ಷಿಪ್ರಪಡೆ

ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾಕೂಟವಾದ ನ್ಯಾಟೊ ಒಕ್ಕೂಟ 1949ರಲ್ಲಿ ಹುಟ್ಟಿದಂದಿನಿಂದ, ಎದುರಿಗೆ ಸೋವಿಯತ್ ಎಂಬ ಗಟ್ಟಿ ಶತ್ರು ಇದ್ದಷ್ಟು ಕಾಲ ಅದರ ಸಂಸಾರ ಸಲೀಸಾಗಿ ನಡೆಯಿತು. 1991ರಲ್ಲಿ ಆ ಶತ್ರು ಹೇಳದೆ ಕೇಳದೆ ತೀರಿಕೊಂಡದ್ದೇ ತೊಂದರೆಯಾಯಿತು. ಬಾಲ್ಕನ್ ಯುದ್ಧ, ಅಫ್ಘಾನಿಸ್ತಾನ, ಸೊಮಾಲಿಯಾದ ಕಡಲ್ಗಳ್ಳರು ಎಂದು ಕೆಲಸ ಬದಲಾದಂತೆಲ್ಲ ಪಡೆಗಳೂ ಬದಲಾಗಬೇಕಾಯಿತು. ಪಡೆಯನ್ನು ಬದಲಾಯಿಸುವ ಕೆಲಸದಲ್ಲಿ ನಾಮಕರಣಕ್ಕಿಂತ ಸುಲಭದ ಭಾಗ ಇನ್ನೊಂದಿಲ್ಲ ಎಂಬುದನ್ನು ಒಕ್ಕೂಟ ಬೇಗನೆ ಕಂಡುಕೊಂಡಿತು.

2002ರ ಪ್ರಾಗ್ ಶೃಂಗಸಭೆಯಲ್ಲಿ ತೊಟ್ಟಿಲಿಗೆ ಬಿದ್ದದ್ದು ಕ್ಷಿಪ್ರ ಪ್ರತಿಕ್ರಿಯಾ ಪಡೆ. ಅದು 2005ರಲ್ಲಿ ಧಾವಿಸಿದ್ದು ಅಮೆರಿಕದ ಕತ್ರಿನಾ ಚಂಡಮಾರುತ ಮತ್ತು ಪಾಕಿಸ್ತಾನದ ಭೂಕಂಪದ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಮುಟ್ಟಿಸಲು. ಪುಣ್ಯದ ಕೆಲಸ, ಅಲ್ಲಗಳೆಯುವಂತಿಲ್ಲ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿದ ಮೇಲೆ, ಸೆಪ್ಟೆಂಬರಿನಲ್ಲಿ ವೇಲ್ಸ್‌ನಲ್ಲಿ ಸೇರಿದ ನಾಯಕರು ಅದರೊಳಗೇ ಒಂದು ‘ಅತಿ ಸನ್ನದ್ಧ’ ಪಡೆಯನ್ನು ಕಟ್ಟಲು ತೀರ್ಮಾನಿಸಿದರು. ಹೀಗೆ ಸನ್ನದ್ಧಕ್ಕೆ ‘ಅತಿ’ ಸೇರಿಸಿದ ಮೇಲೆ, ಅಲ್ಲಿಯವರೆಗಿನದು ಎಷ್ಟು ಸನ್ನದ್ಧವಾಗಿತ್ತೆಂದು ಕೇಳುವುದು ಸಭ್ಯತೆಯಲ್ಲ.

ಉತ್ತರ ಮಾತ್ರ ಅದೇ ತಿಂಗಳು ನಾರ್ವೆಯ ಸಮರಾಭ್ಯಾಸದಲ್ಲಿ ತಾನಾಗಿಯೇ ಸಿಕ್ಕಿತು. ಕ್ಷಿಪ್ರಪಡೆಗೆಂದು ಗೊತ್ತುಮಾಡಿದ್ದ ಜರ್ಮನಿಯ 371ನೆಯ ಬೆಟಾಲಿಯನ್ನಿನ ಯೋಧರು, ತಮ್ಮ ಬಾಕ್ಸರ್ ಕವಚವಾಹನದ ನೆತ್ತಿಯ ಮೇಲೆ ಮೆಷಿನ್‌ಗನ್ ಇಲ್ಲದ್ದನ್ನು ಕಂಡು, ಪೊರಕೆಯ ಮರದ ಕೋಲಿಗೆ ಕಪ್ಪು ಬಣ್ಣ ಬಳಿದು, ನಳಿಕೆ ಇರಬೇಕಾದ ಜಾಗದಲ್ಲಿ ಬಿಗಿದರು. ಮರುವರ್ಷ ಸುದ್ದಿ ಹೊರಬಿದ್ದಾಗ, ಅವು ಕಮಾಂಡ್ ವಾಹನಗಳು, ಅವಕ್ಕೆ ಬಂದೂಕೇ ಬೇಕಿರಲಿಲ್ಲ ಎಂಬ ಸಮಜಾಯಿಷಿ ಬಂದಿತು. ಬಂದೂಕು ಬೇಡದ ಜಾಗಕ್ಕೆ ಪೊರಕೆ ಯಾಕೆ ಬೇಕಾಯಿತು ಎಂಬುದು ಇಂದಿಗೂ ನನ್ನ ತಲೆಗೆ ಹೋಗಿಲ್ಲ. ದೂರದಿಂದ ದುರ್ಬೀನಿನಲ್ಲಿ ನೋಡುವ ಶತ್ರುವನ್ನು ಬೆದರಿಸಲು ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ ಎಂಬುದನ್ನಂತೂ ಒಪ್ಪಲೇಬೇಕು.

ಮುಂದೆ ಅಂಕಿಗಳ ಸುಗ್ಗಿ. 2018ರಲ್ಲಿ 30 ಬೆಟಾಲಿಯನ್, 30 ವಿಮಾನದಳ, 30 ಯುದ್ಧನೌಕೆ, ಎಲ್ಲವೂ 30 ದಿನದೊಳಗೆ ಸಿದ್ಧ ಎಂಬ ಮಗ್ಗಿ. 2022ರಲ್ಲಿ ಮ್ಯಾಡ್ರಿಡ್ ಶೃಂಗಸಭೆಯ ಹೊತ್ತಿಗೆ ಅದು 3 ಲಕ್ಷ ಯೋಧರು ಎಂದಾಯಿತು. 2024ರಲ್ಲಿ ಹಳೆಯ ಕ್ಷಿಪ್ರಪಡೆಯನ್ನು ಬೀಳ್ಕೊಟ್ಟು ಇನ್ನೊಂದು ಕ್ಷಿಪ್ರಪಡೆಗೆ ಹೆಸರಿಡಲಾಯಿತು.

ಈಗ ದುಡ್ಡಿನ ಸರದಿ. 2025ರ ಹೇಗ್ ಸಭೆ, 2035ರೊಳಗೆ ಪ್ರತಿ ದೇಶವೂ ಜಿಡಿಪಿಯ ಶೇ 5ರಷ್ಟು ಖರ್ಚು ಮಾಡಬೇಕೆಂದಿತು: ಮೂರೂವರೆ ಸೇನೆಗೆ, ಒಂದೂವರೆ ಮೂಲಸೌಕರ್ಯ ಮೊದಲಾದವಕ್ಕೆ. ಈ ಒಂದೂವರೆಯೇ ಕಾಮಧೇನು. ಸಿಸಿಲಿ ದ್ವೀಪಕ್ಕೆ ತಾನು ಕಟ್ಟಲು ಹೊರಟ ಮೆಸ್ಸಿನಾ ಸೇತುವೆಯೂ ರಕ್ಷಣಾ ವೆಚ್ಚವೇ ಎಂದು ಇಟಲಿ ತೇಲಿಬಿಟ್ಟ ಮಾತಿಗೆ ಬೇರೆಯವರು ಹುಬ್ಬೇರಿಸಿದ್ದು ಬರಿಯ ಹೊಟ್ಟೆಕಿಚ್ಚಿರಬೇಕು. ಹಾಗೆ ನೋಡಿದರೆ ನಾರ್ವೆಯ ಆ ಕೋಲಿಗೂ ಖಾತೆಯಲ್ಲಿ ಜಾಗವುಂಟು; ಕಪ್ಪು ಬಣ್ಣದ ಡಬ್ಬಿಯ ಬಿಲ್ಲನ್ನು ಮೂರೂವರೆಯಲ್ಲಿ ತೋರಿಸಬೇಕೋ ಒಂದೂವರೆಯಲ್ಲಿ ತೋರಿಸಬೇಕೋ ಎಂಬುದೊಂದೇ ಇತ್ಯರ್ಥವಾಗಬೇಕು.