ಬೆರಳು ಕೊಟ್ಟವರ ಸಾಲು

ಲಿಸ್ಬನ್ ವಿಮಾನ ನಿಲ್ದಾಣವನ್ನು ನಾನು ಕಂಡಿಲ್ಲ. ಆದರೂ ಅಲ್ಲಿನವರ ಮೇಲೆ ನನಗೆ ಅಪಾರ ಗೌರವ ಹುಟ್ಟಿದೆ. ಯುರೋಪಿನ ಗಡಿಗಳಲ್ಲಿ ಹೊರದೇಶದವರ ಬೆರಳು, ಮುಖ ದಾಖಲಿಸಿಕೊಳ್ಳುವ ಹೊಸ ಏರ್ಪಾಡು ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಸರದಿ ಸಾಲು ಗಂಟೆಗಟ್ಟಲೆ ಬೆಳೆಯಿತು. 2025ರ ಡಿಸೆಂಬರ್ ಕೊನೆಗೆ ಪೋರ್ಚುಗಲ್ ಸರ್ಕಾರ ಸಾಕಪ್ಪ ಸಾಕು ಎಂಬಂತೆ ಅಲ್ಲಿನ ಯಂತ್ರಗಳಿಗೆ ಮೂರು ತಿಂಗಳ ರಜೆ ಘೋಷಿಸಿತು.

ಯಂತ್ರ ಕೂರಿಸಿದವರೇ ಯಂತ್ರ ಸೋತಿತೆಂದು ಒಪ್ಪಿಕೊಳ್ಳುವುದನ್ನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಾನು ಈವರೆಗೆ ಕಂಡಿರಲಿಲ್ಲ. ಇಲ್ಲಾಗಿದ್ದರೆ ಸಾಲು ಇರುವುದೇ ಸುಳ್ಳು ಎಂದು ಬೆಳಿಗ್ಗೆ ಒಂದು ಹೇಳಿಕೆ ಬರುತ್ತಿತ್ತು. ಅದು ಹಿಂದಿನ ಸರ್ಕಾರದ ಕಾಲದ ಸಾಲು ಎಂದು ಮಧ್ಯಾಹ್ನ ಇನ್ನೊಂದು. ಸಾಲಿನಲ್ಲಿ ನಿಂತವರಿಗೆ ನೆರಳು ಕಲ್ಪಿಸಲು ಟೆಂಡರ್ ಕರೆಯಲಾಗಿದೆ ಎಂದು ಸಂಜೆಗೆ ಮತ್ತೊಂದು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಎಂಟ್ರಿ-ಎಕ್ಸಿಟ್ ಸಿಸ್ಟಂ ಎಂಬ ಈ ಮಹಾಯಂತ್ರಕ್ಕೆ ಕಾನೂನು ಆದದ್ದು 2017ರಲ್ಲಿ. 2020ಕ್ಕೆ ಬರುತ್ತದೆ ಎಂದರು. 2022 ಎಂದರು, 2023 ಎಂದರು. 2024ರ ನವೆಂಬರ್ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದನ್ನೂ ಅಳಿಸಿದರು. ಕೊನೆಗೆ 2025ರ ಅಕ್ಟೋಬರ್ 12ರಂದು 29 ದೇಶಗಳಲ್ಲಿ ಹಂತ ಹಂತವಾಗಿ ಆರಂಭ, 2026ರ ಏಪ್ರಿಲ್ 10ಕ್ಕೆ ಪೂರ್ಣ ಜಾರಿಯ ಗಡುವು. ನಮ್ಮ ಈಜಿಪುರ ಮೇಲ್ಸೇತುವೆಯ ಕಾಮಗಾರಿ ಆರಂಭವಾದದ್ದೂ 2017ರಲ್ಲೇ. ಇಪ್ಪತ್ತೊಂಬತ್ತು ದೇಶಗಳು, ಹತ್ತಾರು ಭಾಷೆಗಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಪೊಲೀಸರು ಒಂದು ಕಡೆ. ಸುಮಾರು ಎರಡೂವರೆ ಕಿಲೋಮೀಟರ್ ಸೇತುವೆ ಇನ್ನೊಂದು ಕಡೆ. ಗೆದ್ದವರು ಯಾರೆಂದು ಕೋರಮಂಗಲದವರನ್ನು ಕೇಳಿ.

ಯುರೋಪಿನ ವಿಮಾನ ನಿಲ್ದಾಣಗಳ ಒಕ್ಕೂಟವೇ ಡಿಸೆಂಬರ್‌ನಲ್ಲಿ ಬಾಯಿ ಬಿಟ್ಟಿತು: ಗಡಿ ತಪಾಸಣೆಗೆ ಹಿಡಿಯುವ ಸಮಯ ಶೇ 70ರವರೆಗೆ ಏರಿದೆ, ದಟ್ಟಣೆಯ ಹೊತ್ತಿನಲ್ಲಿ ಮೂರು ಗಂಟೆವರೆಗೂ ಕಾಯಬೇಕಾಗಿದೆ ಎಂದು. ಆಗ ನೋಂದಣಿಗೆ ಇದ್ದ ಗುರಿ ಹೊರದೇಶದ ಪ್ರಯಾಣಿಕರಲ್ಲಿ ಶೇ 10 ಮಾತ್ರ. ನೂರರಲ್ಲಿ ಹತ್ತು ಜನರ ಬೆರಳು ಒತ್ತಿಸುವಷ್ಟರಲ್ಲಿ ಉಸಿರು ಕಟ್ಟಿದವರು ಜನವರಿಯಲ್ಲಿ ಗುರಿಯನ್ನು ಶೇ 35ಕ್ಕೆ ಏರಿಸಿದರು. ಯೋಜನೆ ಸೋಲುತ್ತಿದ್ದರೆ ಗುರಿ ಹೆಚ್ಚಿಸಬೇಕು. ಈ ಸೂತ್ರ ವಿಧಾನಸೌಧದ ಆಸುಪಾಸಿನಲ್ಲಿ ಓಡಾಡುವವರಿಗಷ್ಟೇ ಗೊತ್ತು ಎಂದುಕೊಂಡಿದ್ದೆ. ಯುರೋಪಿಯನ್ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ವರೆಗೂ ಹೋಗಿದೆ, ಸಂತೋಷ.

ಮೊದಮೊದಲು ಈ ಸುದ್ದಿಗಳನ್ನು ಓದಿ ಒಳಗೊಳಗೇ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಕಾರಣ, ಸಾಲಿನಲ್ಲಿ ನಿಂತು ಗೋಳಾಡುತ್ತಿದ್ದವರಲ್ಲಿ ಬಹಳಷ್ಟು ಮಂದಿ ಬ್ರಿಟಿಷರು. ಸ್ಪೇನಿನ ಬಿಸಿಲು ಕಾಯಿಸಲು ಶುಕ್ರವಾರ ಹಾರಿ ಭಾನುವಾರ ಮರಳುತ್ತಿದ್ದವರು, ವೀಸಾ ಅರ್ಜಿಯ ಹಿಂದೆ ಲಗತ್ತಿಸುವ ಆರು ತಿಂಗಳ ಬ್ಯಾಂಕ್ ಲೆಕ್ಕದ ಪತ್ರವನ್ನು ಕನಸಿನಲ್ಲೂ ಕಾಣದವರು, ಈಗ ನಮ್ಮ ಸಾಲಿನಲ್ಲಿ! ಈ ಕಾನೂನು ಅಂಗೀಕಾರವಾದಾಗ ಬ್ರಿಟನ್ ಇನ್ನೂ ಯುರೋಪಿಯನ್ ಒಕ್ಕೂಟದ ಒಳಗೇ ಕುಳಿತಿತ್ತು ಎಂಬುದನ್ನು ನೆನೆದರೆ ಖುಷಿ ಇಮ್ಮಡಿಯಾಗುತ್ತದೆ. ಹೊರಗಿನವರಿಗೆ ಬೇಲಿ ಕಟ್ಟುವುದನ್ನು ಒಳಗಿದ್ದು ನೋಡಿ, ಆಮೇಲೆ ತಾವೇ ಬೇಲಿಯ ಆಚೆಗೆ ನಡೆದು ಹೋದರು. ಮಾಡಿದ್ದುಣ್ಣೋ ಮಹಾರಾಯ.

ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಏಕೆಂದರೆ ಆ ಬ್ರಿಟಿಷರ ಹಿಂದೆ ನಿಲ್ಲುವವರು ನಾವು.

ಇಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ವೀಸಾ ಬೇಕಿಲ್ಲದ ದೇಶಗಳ ಜನರು ಗಡಿಯಲ್ಲಿ ಹೊಸದಾಗಿ ನಾಲ್ಕು ಬೆರಳು ಒತ್ತಬೇಕು, ಮುಖ ತೋರಿಸಬೇಕು. ವೀಸಾ ಪಡೆದು ಹೋಗುವ ನಮ್ಮ ಹತ್ತೂ ಬೆರಳುಗಳು ಆಗಲೇ ಅವರ ಬಳಿ ಇವೆ. 2015ರ ನವೆಂಬರ್‌ನಿಂದಲೂ ಭಾರತದಲ್ಲಿ ಷೆಂಗೆನ್ ವೀಸಾಕ್ಕೆ, ಅಂದರೆ ಈ ದೇಶಗಳಿಗೆಲ್ಲ ಸೇರಿ ಇರುವ ಒಂದೇ ವೀಸಾಕ್ಕೆ, ಬೆರಳು ಕೊಟ್ಟೇ ಅರ್ಜಿ ಹಾಕುತ್ತಿದ್ದೇವೆ. ಗಡಿಯಲ್ಲಿ ನಮ್ಮದು ಮುಖವೊಂದು ಸೇರಿಸಿಕೊಂಡು, ಬೆರಳನ್ನು ತಾಳೆ ನೋಡಿದರೆ ಮುಗಿಯಿತು. ಅಂದರೆ ಇಡೀ ಸಾಲಿನಲ್ಲಿ ಪಾಠ ಓದಿಕೊಂಡು ಬಂದ ವಿದ್ಯಾರ್ಥಿಗಳು ನಾವೇ. ಮುಂದಿರುವವರು ಗಾಜಿನ ಮೇಲೆ ಬೆರಳನ್ನು ಎಷ್ಟು ಒತ್ತಬೇಕು, ಹೆಬ್ಬೆರಳೂ ಸೇರಿತೇ, ಉಂಗುರ ತೆಗೆಯಬೇಕೇ ಎಂದು ಒಬ್ಬೊಬ್ಬರಾಗಿ ಅಕ್ಷರಾಭ್ಯಾಸ ಮಾಡಿಕೊಳ್ಳುವ ತನಕ ನಾವು ಕೈಕಟ್ಟಿ ನಿಲ್ಲಬೇಕು. ಬೆರಳು ಒತ್ತುವುದರಲ್ಲಿ ಬೆಂಗಳೂರಿನವರಿಗೆ ಯಾರಾದರೂ ಪಾಠ ಹೇಳುವುದೇ? ಆಧಾರ್‌ಗೆ ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ ಕೊಟ್ಟಾಗಿದೆ. ಪಾಸ್‌ಪೋರ್ಟ್ ಕಚೇರಿಗೆ ಇನ್ನೊಮ್ಮೆ, ಸೈಟು ಕೊಂಡರೆ ಉಪನೋಂದಣಾಧಿಕಾರಿಗೆ ಮತ್ತೊಮ್ಮೆ, ಸಿಮ್ ಕೊಂಡಾಗ ಅಂಗಡಿಯ ಹುಡುಗನಿಗೆ, ಕಚೇರಿಯಲ್ಲಿ ದಿನಾ ಬೆಳಿಗ್ಗೆ ಹಾಜರಾತಿಗೆ. ದೇವನಹಳ್ಳಿಯಿಂದ ಹುಬ್ಬಳ್ಳಿಗೆ ಹಾರುವುದಾದರೂ ಡಿಜಿಯಾತ್ರಾಗೆ ಮುಖ ಕೊಡಿ ಎನ್ನುತ್ತಾರೆ. ನನ್ನ ಮುಖವನ್ನು ಇಷ್ಟೊಂದು ಸಂಸ್ಥೆಗಳು ಆಸೆಯಿಂದ ಇಟ್ಟುಕೊಂಡಿರುವುದು ನೋಡಿ ಮನೆಯವಳಿಗೇ ಆಶ್ಚರ್ಯ. ಬೆರಳು ತೋರಿಸಿದರೆ ಹಸ್ತ ನುಂಗಿದರು ಎಂಬ ಮಾತನ್ನು ಹಿರಿಯರು ಯಾವ ಯಂತ್ರವನ್ನು ನೋಡಿ ಕಟ್ಟಿದರೋ!

ಹಸ್ತ ಎಂದಾಗ ನೆನಪಾಯಿತು. ಸರ್ಕಾರಿ ಕಾಗದದ ಮೇಲೆ ಕೈಗುರುತು ತೆಗೆದುಕೊಳ್ಳುವ ಈ ಚಾಳಿ ಆಧುನಿಕ ಕಾಲದಲ್ಲಿ ಶುರುವಾದದ್ದು ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಕಂಪನಿ ಅಧಿಕಾರಿ ರಾಜ್ಯಧರ ಕೋನಾಯಿ ಎಂಬಾತನೊಂದಿಗೆ ಒಂದು ಕರಾರು ಮಾಡಿಕೊಂಡ. ಸಹಿಯ ಮೇಲೆ ನಂಬಿಕೆ ಸಾಲದೆ ಆತನ ಅಂಗೈಗೆ ಮಸಿ ಬಳಿದು ಕರಾರಿನ ಹಿಂಬದಿಯಲ್ಲಿ ಒತ್ತಿಸಿದ. ನಾಳೆ ಈ ಮನುಷ್ಯ "ಇದು ನನ್ನ ಸಹಿಯೇ ಅಲ್ಲ" ಎನ್ನಬಾರದಲ್ಲ, ಅದಕ್ಕೆ. ಕರಾರು ಯಾವುದಕ್ಕೆ ಎಂದರೆ, ರಸ್ತೆ ನಿರ್ಮಾಣದ ಸಾಮಗ್ರಿ ಪೂರೈಸುವುದಕ್ಕೆ. ಅಂದರೆ ಆತ ರಸ್ತೆ ಕಾಮಗಾರಿಯ ಗುತ್ತಿಗೆದಾರ!

ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಈ ವಿದ್ಯೆ ಹುಟ್ಟಿದ್ದೇ ರಸ್ತೆ ಗುತ್ತಿಗೆದಾರನನ್ನು ಹಿಡಿದು ಹಾಕುವುದಕ್ಕೆ. ಇಂದು ಬೆಂಗಳೂರಿನಲ್ಲಿ ಬೆರಳು ಕೊಡದೆ ಉಳಿದಿರುವುದು ಬಹುಶಃ ಆ ಒಂದು ಕುಲ ಮಾತ್ರ. ಹೊರವರ್ತುಲ ರಸ್ತೆಯಲ್ಲಿ ಡಾಂಬರು ಹಾಕಿದ ತಿಂಗಳಿಗೇ ಬಾಯಿ ತೆರೆಯುವ ಗುಂಡಿಯ ಪಕ್ಕ ಒಂದು ಅಂಗೈ ಗುರುತು ಒತ್ತಿಸಿದ್ದರೆ, ಎಂಜಿನಿಯರ್ ಸಾಹೇಬರದು ಎಡಕ್ಕೆ, ಗುತ್ತಿಗೆದಾರರದು ಬಲಕ್ಕೆ, ನಡುವೆ ಬಿಲ್ ಪಾಸು ಮಾಡಿದವರ ಹೆಬ್ಬೆಟ್ಟು, ಎಷ್ಟು ಚೆನ್ನಾಗಿರುತ್ತಿತ್ತು! ಸಿಮೆಂಟು ಹಸಿ ಇರುವಾಗಲೇ ಒತ್ತಿಸಬಹುದು, ಮಸಿಯ ಖರ್ಚೂ ಉಳಿಯುತ್ತದೆ. ಮುಂದೆ ಆ ಗುಂಡಿಗೆ ಬಿದ್ದವನು ಏಳುವ ಮೊದಲು ಗುರುತಿಗೆ ನಮಸ್ಕಾರ ಮಾಡಿ ಏಳಬಹುದು. ಅದೆಲ್ಲ ಆಗದ ಮಾತು ಬಿಡಿ. ಬೆರಳು ಒತ್ತುವುದು ಪೌರಕಾರ್ಮಿಕರ ಹಾಜರಾತಿಗೆ, ದೊಡ್ಡವರಿಗೆ ಡಿಜಿಟಲ್ ಸಹಿ ಇದೆ.

ಬಂಗಾಳದ ಕಥೆಗೆ ಇನ್ನೊಂದು ತುಣುಕಿದೆ. ಕಲ್ಕತ್ತಾದಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಲಕ್ಷಗಟ್ಟಲೆ ಬೆರಳಚ್ಚುಗಳ ರಾಶಿಯಲ್ಲಿ ಬೇಕಾದ್ದನ್ನು ಹುಡುಕುವ ವಿಂಗಡಣೆಯ ಲೆಕ್ಕಾಚಾರಕ್ಕೆ ತಲೆ ಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಆತ ಅದನ್ನು ಲಂಡನ್ನಿಗೆ ಒಯ್ದ, 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಸ್ಥಾಪಿಸಿದ. ನಮ್ಮವರ ಮೇಲೆ ಪ್ರಯೋಗಿಸಲು ತಂದ ವಿದ್ಯೆ ಒಂದು ಸುತ್ತು ಹೊಡೆದು ಈಗ ಬ್ರಿಟಿಷರ ಕೈಯನ್ನೇ ಗಾಜಿನ ಮೇಲೆ ಇಡಿಸಿದೆ. ಅವರ ಸಾಲು ನಿಧಾನವಾಗಿದೆ ಎಂದು ಇನ್ನು ಮೇಲೆ ನಾನು ಗೊಣಗುವುದಿಲ್ಲ.

ಇಲ್ಲೇ ನಿಲ್ಲಿಸಿದ್ದರೆ ಇದು ನಗೆಬರಹವಾಗಿ ಮುಗಿಯುತ್ತಿತ್ತು. ಆದರೆ ಮೊನ್ನೆ ಬಡಾವಣೆಯ ನ್ಯಾಯಬೆಲೆ ಅಂಗಡಿಯ ಮುಂದೆ ಹಾದು ಹೋಗುವಾಗ ಅಲ್ಲೊಂದು ಸಾಲು ಇತ್ತು. ಕೌಂಟರಿನ ಎದುರು ಒಬ್ಬ ಅಜ್ಜಿ. ಊರವರ ಪಾತ್ರೆ ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೆಲ್ಲ ಸವೆದಿವೆ. ಯಂತ್ರ ಕೆಂಪು ದೀಪ ತೋರಿಸಿ ಗುಂಯ್ ಎಂದಿತು. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಗುಂಯ್. ತಲೆಗೂದಲಿಗೆ ಉಜ್ಜಿ, ಎಣ್ಣೆಯ ಪಸೆ ಹತ್ತಿಸಿಕೊಂಡು ಇಟ್ಟರು. ಅಂಗಡಿಯವನು ಒದ್ದೆ ಬಟ್ಟೆ ಮುಂದಕ್ಕೆ ತಳ್ಳಿ, "ಅಜ್ಜಿ, ಆ ಕೈ ಬೇಡ, ಈ ಕೈ ಕೊಡಿ" ಎಂದ. ಅಜ್ಜಿ ಎರಡೂ ಕೈಗಳನ್ನು ಮುಂದೆ ಚಾಚಿ, "ಯಾವ ಕೈಗೆ ಅಕ್ಕಿ ಬರುತ್ತದೆ ಹೇಳಪ್ಪ, ಅದನ್ನೇ ಕೊಡುತ್ತೇನೆ" ಎಂದರು. ಅಷ್ಟರಲ್ಲಿ ಸರ್ವರ್ ಹೋಯಿತು. "ನಾಳೆ ಬನ್ನಿ ಅಜ್ಜಿ" ಎಂದು ಅವನು ಯಂತ್ರವನ್ನು ಮಗುಚಿಟ್ಟ. ಅವನನ್ನು ಬೈದು ಉಪಯೋಗವಿಲ್ಲ, ಆ ಡಬ್ಬಿಯನ್ನು ಮಾಡಿಸಿದವನು ಅವನಲ್ಲ.

ಲಿಸ್ಬನ್ನಿನಲ್ಲಿ ಪ್ರವಾಸಿಗಳು ಸಿಟ್ಟಾದರು, ವಾರಗಳಲ್ಲಿ ಯಂತ್ರ ನಿಂತಿತು. ಈ ಅಜ್ಜಿಯಂಥವರು ಎಷ್ಟು ವರ್ಷಗಳಿಂದ ಬೆರಳು ಒರೆಸಿಕೊಳ್ಳುತ್ತಿದ್ದಾರೆ? ಯಾವ ಸಂಪುಟ ಸಭೆಯಲ್ಲಿ ಯಾರು ಎದ್ದು ನಿಂತು, ಮೂರು ತಿಂಗಳು ಇದನ್ನು ನಿಲ್ಲಿಸೋಣ, ಕಾರ್ಡು ನೋಡಿ ಅಕ್ಕಿ ಕೊಡೋಣ ಎಂದರು? ಬೆರಳು ಹೊಂದದಿದ್ದರೆ ಬೇರೆ ದಾರಿಗಳಿವೆ ಎಂದು ಸುತ್ತೋಲೆಗಳಲ್ಲಿ ಬರೆದಿರುತ್ತಾರೆ. ಸುತ್ತೋಲೆಯನ್ನು ಆ ಅಜ್ಜಿ ಓದಬೇಕೇ? ಹೆಸರಿಗೆ ಇದು ಸೋರಿಕೆ ತಡೆಯುವ ಕ್ರಮ. ಲಾರಿಗಟ್ಟಲೆ ಅಕ್ಕಿ ಸೋರುವಾಗ ಯಾವ ಡಬ್ಬಿಯೂ ಗುಂಯ್ ಎನ್ನುವುದಿಲ್ಲ, ಮುದುಕಿಯ ಐದು ಕಿಲೋಗೆ ಮಾತ್ರ ಅದಕ್ಕೆ ಎಲ್ಲಿಲ್ಲದ ಪ್ರಾಮಾಣಿಕತೆ. ಇದರಲ್ಲಿ ವಿಡಂಬನೆ ಮಾಡುವುದಕ್ಕೂ ಏನೂ ಉಳಿದಿಲ್ಲ. ಬೇಜಾರಾಗಿದೆ, ಅಷ್ಟೇ.

ಇರಲಿ. ಯುರೋಪಿಗೆ ಹೋಗುವವರು ಕಾಯುತ್ತಿದ್ದಾರೆ, ಅವರ ಕೆಲಸ ನೋಡೋಣ.

ನಮ್ಮ ಕಡೆಯಿಂದ ಏನೂ ತೊಂದರೆಯಿಲ್ಲ ಎಂಬುದನ್ನು ಮೊದಲು ದಾಖಲಿಸಬೇಕು. ವಿಶ್ವಾಸಾರ್ಹ ಪ್ರಯಾಣಿಕರಿಗೆಂದು ಕೇಂದ್ರ ಸರ್ಕಾರ ತಂದ ಇ-ಗೇಟುಗಳು 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿವೆ. ಅದಕ್ಕೂ ಬೆರಳು, ಮುಖ ಕೊಟ್ಟು ನೋಂದಾಯಿಸಿಕೊಳ್ಳಬೇಕು, ಕೊಟ್ಟಿದ್ದೇವೆ. ಅರ್ಧ ನಿಮಿಷದಲ್ಲಿ ದೇಶದಿಂದ ಹೊರಗೆ! ಹೆಬ್ಬಾಳದಲ್ಲಿ ಕಳೆದ ಅರ್ಧ ದಿನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಜಗತ್ತಿನಲ್ಲಿ ಇಷ್ಟು ಬೇಗ ದೇಶ ಬಿಡುವ ಸೌಕರ್ಯ ಇನ್ನೆಲ್ಲಿದೆ? ಹೀಗೆ ಇಲ್ಲಿ ಉಳಿಸಿದ ಸಮಯವನ್ನು ಫ್ರಾಂಕ್‌ಫರ್ಟ್‌ನಲ್ಲೋ ಪ್ಯಾರಿಸ್‌ನಲ್ಲೋ ಬಡ್ಡಿ ಸಮೇತ ಕಟ್ಟಿಸಿಕೊಳ್ಳುತ್ತಾರೆ.

ರೋಮಿಗೆ ಹೋಗುವವರೂ ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಗಡಿ ತಪಾಸಣೆ ಅಲ್ಲೇ. ಆದ್ದರಿಂದ ನಮ್ಮ ಟಿಕೆಟ್ ಏಜೆಂಟರು ಈಗ ಜ್ಯೋತಿಷಿಗಳಾಗಿದ್ದಾರೆ. "ಸರ್, ಎರಡು ವಿಮಾನಗಳ ನಡುವೆ ಒಂದೂವರೆ ಗಂಟೆ ಸಾಲದು, ನಾಲ್ಕು ಗಂಟೆ ಇಟ್ಟುಕೊಳ್ಳಿ" ಎಂದರು ಒಬ್ಬರು. ಮಗಳ ಮನೆಗೆ ಹೊರಟಿದ್ದ ನಮ್ಮ ನೆರೆಮನೆಯ ರಾಯರು, "ಬರುವಾಗ ಆ ರಗಳೆ ಇರುವುದಿಲ್ಲವಲ್ಲ?" ಎಂದು ಕೇಳಿದರು. ಏಜೆಂಟರು ಕನ್ನಡಕ ತೆಗೆದಿಟ್ಟು, "ಬರುವಾಗಲೂ ಅಷ್ಟೇ ಸರ್. ಹೊರಗೆ ಹೋಗುವವರನ್ನೂ ತಪಾಸಣೆ ಮಾಡಿಯೇ ಬಿಡುತ್ತಾರೆ" ಎಂದರು.

ರಾಯರಿಗೆ ಅರ್ಥವಾಗಲಿಲ್ಲ, ನನಗೂ ಮೊದಲು ಆಗಿರಲಿಲ್ಲ. ಈ ವ್ಯವಸ್ಥೆಯ ಮೂಲ ಉದ್ದೇಶವೇ ಅವಧಿ ಮೀರಿ ಉಳಿಯುವವರನ್ನು ಹಿಡಿಯುವುದು. 180 ದಿನಗಳಲ್ಲಿ 90 ದಿನ ಮೀರಿದರೆ ಗಣಕಯಂತ್ರ ತಾನೇ ಎಣಿಸಿ ಹೇಳುತ್ತದೆ. ಒಳಬಂದ, ಹೊರಹೋದ ದಾಖಲೆ ಮೂರು ವರ್ಷ ಇರುತ್ತದೆ. ಹೊರಹೋದ ದಾಖಲೆ ಸಿಗದಿದ್ದರೆ ಐದು ವರ್ಷ. ಇಷ್ಟೆಲ್ಲ ಎಚ್ಚರ ವಹಿಸಿದವರು ಹೊರಗೆ ಹೊರಟ ಮನುಷ್ಯನನ್ನು ಸಾಲಿನಲ್ಲಿ ನಿಲ್ಲಿಸಿಕೊಂಡಿರುತ್ತಾರೆ, ಅತ್ತ ವಿಮಾನ ಹಾರಿಬಿಡುತ್ತದೆ. ವೀಸಾದ ಕೊನೆಯ ದಿನಕ್ಕೇ ಟಿಕೆಟ್ ಮಾಡಿಸಿದ್ದರೆ ರಾಯರು ಅಲ್ಲೇ, ತಪಾಸಣೆಯ ಸಾಲಿನಲ್ಲೇ, ಕೈಚೀಲ ಹಿಡಿದು ನಿಂತಿದ್ದಂತೆಯೇ ಅವಧಿ ಮೀರಿ ಉಳಿದವರಾಗುತ್ತಾರೆ. ಯಂತ್ರ ಆಗ ಅವರನ್ನು ಹಿಡಿಯುತ್ತದೆ. ಏಜೆಂಟರು ವಾಪಸು ಟಿಕೆಟನ್ನು ಮೂರು ದಿನ ಹಿಂದಕ್ಕೆ ಹಾಕಿಕೊಟ್ಟು, ಅದಕ್ಕೆ ಬೇರೆ ಶುಲ್ಕ ಪಡೆದರು.