ಸ್ನೋ ಚೆನ್ನಾಗಿದೆಯಂತೆ, ಹೊರಡಿ!

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರಿಗೆ ಚಳಿಗಾಲದಲ್ಲಿ ಒಂದು ಕಾಯಿಲೆ ಬರುತ್ತದೆ. ಸ್ಯಾನ್ ಹೋಸೆಯಲ್ಲಿ ಎರಡು ದಿನ ಮಳೆ ಹಿಡಿದರೆ ಸಾಕು, "ಹಾಗಾದ್ರೆ ಟಾಹೋ ಬೆಟ್ಟದಲ್ಲಿ ಸ್ನೋ ಬಿದ್ದಿರುತ್ತೆ" ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಕುತ್ತಾರೆ. ಸಂಜೆಯೊಳಗೆ ನಾಲ್ಕು ಮನೆಯವರು ಚೀಲ ಕಟ್ಟಿರುತ್ತಾರೆ. ಹೊಸ ಹಿಮ ಬಿದ್ದ ಕೂಡಲೇ ಹೋಗಬೇಕು, ಅದರ ಮಜಾನೇ ಬೇರೆ ಅನ್ನುವುದು ಎಲ್ಲರ ಮಾತು. ನನ್ನ ಮಾತು ಉಲ್ಟಾ. ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಬಾರದವನಿಗೆ ಹೊಸ ಹಿಮಕ್ಕಿಂತ ದೊಡ್ಡ ಶತ್ರು ಇಲ್ಲ. ಇದನ್ನು ಹೇಳುವ ಅಧಿಕಾರ ನನಗಿದೆ. ಆ ಶತ್ರುವಿನ ಮಡಿಲಲ್ಲಿ ಮುಖ ಅಡಿಯಾಗಿ ಮಲಗಿ ಎದ್ದವನು ನಾನು.

ಅದು 2023ರ ಚಳಿಗಾಲ. ನಮ್ಮ ಅಕ್ಕ-ಭಾವ ಶಿವಮೊಗ್ಗದಿಂದ ಮಗನ ಮನೆಗೆ ಬಂದಿದ್ದರು. ಭಾವ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮಗ ಒಂದೇ ಹಲಗೆಯ ಮೇಲೆ ನಿಂತು ಜಾರುವ ಸ್ನೋಬೋರ್ಡ್ ಹುಚ್ಚಿನವನು. "ಅಪ್ಪ, ಬಿಗಿನರ್ಸ್‌ಗೆ ಅಂತಾನೇ ಕ್ಲಾಸ್ ಇದೆ, ನೀವೂ ಮಾಮಾನೂ ಸೇರ್ಕೊಳ್ಳಿ" ಎಂದ. ನನ್ನ ಹೆಂಡತಿ ಬುದ್ಧಿವಂತೆ. ಆ ವಾರಾಂತ್ಯ ಅವಳಿಗೆ ಆಫೀಸಿನಲ್ಲಿ ಇದ್ದಕ್ಕಿದ್ದಂತೆ ಕೆಲಸ ಹುಟ್ಟಿಕೊಂಡಿತು.

ಟ್ರಾಫಿಕ್ ಇಲ್ಲದಿದ್ದರೆ ಐ-80 ಹೆದ್ದಾರಿಯಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಶುಕ್ರವಾರ ರಾತ್ರಿ ಹಿಮ ಬೀಳುತ್ತಿದ್ದರೆ ಆ ಲೆಕ್ಕ ಬಿಟ್ಟುಬಿಡಬೇಕು. ಸ್ಯಾಕ್ರಮೆಂಟೊ ದಾಟಿ ಬೆಟ್ಟ ಏರುವಾಗ ದೀಪದ ಬೋರ್ಡು ಕಂಡಿತು. ಹಿಮದಲ್ಲಿ ಜಾರದಿರಲು ಚಕ್ರಕ್ಕೆ ಚೈನು ಕಡ್ಡಾಯ. ನಾಲ್ಕೂ ಚಕ್ರ ಎಳೆಯುವ ಗಾಡಿಯಾಗಿದ್ದು ಸ್ನೋ ಟೈರ್ ಹಾಕಿದ್ದರೆ ಮಾತ್ರ ವಿನಾಯಿತಿ. ನಮ್ಮದು ಸಾಧಾರಣ ಕಾರು. ಚೈನೇನೋ ಡಿಕ್ಕಿಯಲ್ಲಿತ್ತು, ಪೆಟ್ಟಿಗೆಯ ಟೇಪು ಕೂಡ ಬಿಚ್ಚಿರಲಿಲ್ಲ.

ಭಾವ ಕೋಟಿನ ತೋಳು ಮೇಲೆ ಮಾಡಿದರು. "ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ನಮ್ಮ ಮೇಲ್ ವ್ಯಾನು ಹೂತುಹೋದಾಗ ಚಕ್ರಕ್ಕೆ ಹಗ್ಗ ಸುತ್ತಿ ತೆಗೆದವನು ನಾನು. ಇದೇನು ಮಹಾ ಮಾರಾಯ?" ಟಾರ್ಚ್ ಹಿಡಿಯುವುದು ನನ್ನ ಕೆಲಸ. ಮುಕ್ಕಾಲು ಗಂಟೆ ಹೆಣಗಿ, ಬೆರಳು ಮರಗಟ್ಟಿ, ಹಿಂದಿನ ಎರಡು ಚಕ್ರಕ್ಕೆ ಚೈನು ಬಿಗಿದಾಯಿತು. ಆಗ ನಂಬರ್ ಬರೆದ ಜಾಕೆಟ್ ತೊಟ್ಟ ಒಬ್ಬಾತ ಬಂದು ಬಗ್ಗಿ ನೋಡಿದ. ದುಡ್ಡು ತಗೊಂಡು ಚೈನು ಹಾಕಿಕೊಡುವವರು ಅಲ್ಲಿ ಇರುತ್ತಾರೆ. ಈ ಕಾರನ್ನು ಎಳೆಯುವುದು ಮುಂದಿನ ಚಕ್ರ, ಚೈನು ಅಲ್ಲಿಗೆ ಹಾಕಬೇಕು ಎಂದ. ಐದೇ ನಿಮಿಷದಲ್ಲಿ ಬಿಚ್ಚಿ ಮುಂದಕ್ಕೆ ಹಾಕಿದ. ಅಷ್ಟೂ ಹೊತ್ತು ಭಾವ ಅವನ ಹಿಂದೆ ನಿಂತು ಮೇಲ್ವಿಚಾರಣೆ ಮಾಡಿದರು.

ಚೈನು ಹಾಕಿದ ಮೇಲೆ ಗಂಟೆಗೆ 30 ಮೈಲಿಗಿಂತ ಜಾಸ್ತಿ ಓಡಿಸುವಂತಿಲ್ಲ. ಆ ವೇಗವೂ ಸಿಗಲಿಲ್ಲ. ಡಾನರ್ ಪಾಸ್ ಎಂಬ ಘಾಟಿಯ ಹತ್ತಿರ ಸಾಲು ನಿಂತೇ ಬಿಟ್ಟಿತು. ಹೊತ್ತು ಹೋಗಲಿ ಅಂತ ಅಕ್ಕನ ಮಗ ಇತಿಹಾಸ ಶುರು ಮಾಡಿದ. 1952ರ ಜನವರಿಯಲ್ಲಿ 'ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಎಂಬ ರೈಲು ಇದೇ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತ್ತಂತೆ. ಒಳಗಿದ್ದ 226 ಜನ ಮೂರು ದಿನ ಅಲ್ಲೇ ಕೂತಿದ್ದರಂತೆ. ಅಕ್ಕ ಏನೂ ಹೇಳಲಿಲ್ಲ. ಚಿತ್ರಾನ್ನದ ಡಬ್ಬಿ ತೆರೆಯಲು ಹೊರಟವಳು ಮುಚ್ಚಳ ಮತ್ತೆ ಬಿಗಿ ಮಾಡಿ ಕಾಲಡಿಗೆ ಇಟ್ಟುಕೊಂಡಳು.

"ದೊಡ್ಡವರಿಗೂ ಹೀಗೇ ಆಗಿದೆ ಅಮ್ಮ" ಎಂದು ಅವನು ಸಮಾಧಾನ ಹೇಳಿದ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದಿದ್ದು ಇಲ್ಲೇ ಹತ್ತಿರ, ಈಗ ಪ್ಯಾಲಿಸೇಡ್ಸ್ ಟಾಹೋ ಎಂದು ಕರೆಯುವ ಜಾಗದಲ್ಲಿ. ಉದ್ಘಾಟನೆಯ ದಿನ ಹಿಮ ಸುರಿದು ಕಾರ್ಯಕ್ರಮ ಒಂದು ಗಂಟೆ ತಡವಾಯಿತು. ಹಾರಿ ಬರಬೇಕಿದ್ದ ಉಪಾಧ್ಯಕ್ಷ ನಿಕ್ಸನ್ ಕಾರಿನಲ್ಲಿ ಬರಬೇಕಾಯಿತು. ಭಾವನಿಗೆ ನಿಜಕ್ಕೂ ಸಮಾಧಾನವಾಯಿತು. "ಸರ್ಕಾರಿ ಸಮಾರಂಭ ಎಲ್ಲಾ ಕಡೆ ಒಂದೇ" ಎಂದರು.

ಮರುದಿನ ಬೆಳಿಗ್ಗೆ ಸಾಮಾನು ಬಾಡಿಗೆಗೆ ಕೊಡುವ ಕೌಂಟರ್. ಅಲ್ಲಿ ಒಂದು ಫಾರ್ಮ್ ತುಂಬಬೇಕು. ಎತ್ತರ, ವಯಸ್ಸು, ತೂಕ. ಸುಮ್ನೆ ಕೇಳುವುದಲ್ಲ. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದು ಈ ಅಂಕಿಗಳ ಮೇಲೆ ನಿಂತಿದೆ. ಬಿಗಿ ಜಾಸ್ತಿಯಾದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ, ಕಾಲು ತಿರುಚುತ್ತದೆ. ಕಡಿಮೆಯಾದರೆ ಕಳಚಬಾರದ ಕಡೆ ಕಳಚಿಕೊಳ್ಳುತ್ತದೆ. ಭಾವ ತೂಕದ ಜಾಗದಲ್ಲಿ 160 ಪೌಂಡ್ ಎಂದು ಬರೆದರು. ಅಕ್ಕ ಹಿಂದಿನಿಂದ ಇಣುಕಿದಳು.

"ಇದು ಎಷ್ಟು ಕೆಜಿ ಆಗುತ್ತೋ?"

"ಎಪ್ಪತ್ಮೂರು ಅಮ್ಮ."

"ಯಾರದು?"

"ಶಿವಮೊಗ್ಗದಲ್ಲಿ ನೋಡಿದಾಗ ಅಷ್ಟೇ ಇತ್ತು" ಎಂದರು ಭಾವ.

"ಅದು ಮದುವೆಗೆ ಮುಂಚೆ ಕಣ್ರೀ."

ಕೌಂಟರಿನ ಹುಡುಗನಿಗೆ ಕನ್ನಡ ಬಾರದು. ಆದರೂ ಅಕ್ಕನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ಪೆನ್ನನ್ನು ಭಾವನ ಕಡೆ ಮತ್ತೆ ತಳ್ಳಿದ. 185 ಎಂದು ತಿದ್ದಿದರು. ನನ್ನದನ್ನು ನಾನು ಯಾರಿಗೂ ಕಾಣದ ಹಾಗೆ ತುಂಬಿ ಮಡಚಿ ಕೊಟ್ಟೆ.

ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಹಾಕಿದರೆ ಪಾದದ ಗಂಟು ಮಡಚುವುದಿಲ್ಲ. ಒಳಗೆ ಒಂದೇ ಒಂದು ತೆಳು ಕಾಲುಚೀಲ ಇರಬೇಕಂತೆ. ನಾವು ಚಳಿ ಅಂತ ಎರಡೆರಡು ಉಣ್ಣೆಯದು ಹಾಕಿದ್ದೆವು. ಬೂಟು ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಯಿತು. ಅದನ್ನು ತೊಟ್ಟು ಮೆಟ್ಟಿಲು ಇಳಿಯುವುದೇ ಒಂದು ಸಾಹಸ. ಶೌಚಾಲಯವನ್ನು ಕೆಳಗಿನ ಮಹಡಿಯಲ್ಲಿ ಕಟ್ಟಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನಿಗೆ ಈ ಬೂಟು ಹಾಕಿ ಒಂದು ದಿನ ನಡೆಸಬೇಕು.

ಇನ್ನು ಹಿಮದ ವಿಷಯ. ಪೆಸಿಫಿಕ್ ಸಾಗರದ ಮೋಡಗಳು ನೀರು ಹೊತ್ತು ಬಂದು ಸಿಯೆರಾ ಬೆಟ್ಟಸಾಲಿಗೆ ಬಡಿದು ಅಲ್ಲೇ ಇಳಿಸಿಬಿಡುತ್ತವೆ. ಒಳನಾಡಿನ ಯೂಟಾ ತಲುಪುವಷ್ಟರಲ್ಲಿ ಮೋಡ ಒಣಗಿರುತ್ತದೆ. ಹಾಗಾಗಿ ಅಲ್ಲಿಯ ಹಿಮ ಹಗುರ, ಊದಿದರೆ ಹಾರುತ್ತದೆ. ಟಾಹೋದ್ದು ಒದ್ದೆ, ಭಾರ. ಹಳೇ ಸ್ಕೀಗಾರರು ಇದಕ್ಕೆ 'ಸಿಯೆರಾ ಸಿಮೆಂಟ್' ಅನ್ನುತ್ತಾರೆ. "ಆಗುಂಬೆಗೂ ಚಿತ್ರದುರ್ಗಕ್ಕೂ ಇರೋ ವ್ಯತ್ಯಾಸ ಅಂತ ಹೇಳು" ಎಂದರು ಭಾವ. ಸರಿಯಾಗಿ ಹೇಳಿದರು.

ಆ ವರ್ಷ ಅದು ಬಿದ್ದ ಪ್ರಮಾಣವೂ ಅಷ್ಟಿಷ್ಟಲ್ಲ. ಡಾನರ್ ಪಾಸ್ ಬಳಿ ಬರ್ಕ್ಲಿ ವಿಶ್ವವಿದ್ಯಾಲಯದ ಒಂದು ಹಿಮ ಪ್ರಯೋಗಾಲಯ ಇದೆ, 1946ರಿಂದ ಹಿಮ ಅಳೆಯುತ್ತಿದೆ. ಆ ಚಳಿಗಾಲದ ಲೆಕ್ಕ 754 ಇಂಚು. ಅಂದರೆ 60 ಅಡಿಗೂ ಜಾಸ್ತಿ. ಅದಕ್ಕಿಂತ ಹೆಚ್ಚು ಅವರು ಅಳೆದಿದ್ದು 1951-52ರಲ್ಲಿ ಮಾತ್ರ, ಆ ರೈಲು ಸಿಕ್ಕಿಕೊಂಡ ವರ್ಷ.

ಸ್ಕೀ ಇಳಿಜಾರನ್ನು ರಾತ್ರಿ ಯಂತ್ರ ಓಡಿಸಿ ತಟ್ಟಿ ಸಮ ಮಾಡುತ್ತಾರೆ. ನಮ್ಮ ಅದೃಷ್ಟಕ್ಕೆ ಯಂತ್ರ ಹೋದ ಮೇಲೆ ಮತ್ತೆ ಸುರಿದಿತ್ತು. ಕಲಿಸುವ ಹುಡುಗಿ ನಗುನಗುತ್ತಾ ಎರಡು ಪಾಠ ಹೇಳಿದಳು. ಸ್ಕೀಗಳ ಮೂತಿ ಹತ್ತಿರ ತಂದು ಹಿಂಭಾಗ ಅಗಲಿಸಿದರೆ ಅದು 'ಪಿಜ್ಜಾ', ವೇಗ ಕಡಿಮೆಯಾಗುತ್ತದೆ. ಎರಡನ್ನೂ ನೇರ ಇಟ್ಟರೆ 'ಫ್ರೆಂಚ್ ಫ್ರೈಸ್', ಸುಂಯ್ ಅಂತ ಹೋಗುತ್ತದೆ. ಮೂರನೆಯ ಪಾಠದಲ್ಲಿ ಕೆಟ್ಟಿತು. ಕಣಕಾಲನ್ನು ಬೂಟಿಗೆ ಒತ್ತಿ ಮುಂದಕ್ಕೆ ಬಾಗಬೇಕು. ಮುಂದಕ್ಕೆ ಅಂದರೆ ಇಳಿಜಾರಿನ ಕಡೆಗೆ! ಹುಟ್ಟಿದಾಗಿನಿಂದ "ಹುಷಾರು, ಬೀಳ್ತೀಯ" ಎಂದು ಕೇಳಿಸಿಕೊಂಡು ಬೆಳೆದ ಮೈ ಇದಕ್ಕೆ ಒಪ್ಪುತ್ತದೆಯೇ? ಅದು ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಸ್ಕೀ ನಮ್ಮ ಮಾತು ಕೇಳುವುದಿಲ್ಲ. ನನ್ನ ಪಕ್ಕ ನಾಲ್ಕು ವರ್ಷದ ಪಾಪುಗಳು ಕೈಯಲ್ಲಿ ಕೋಲೂ ಇಲ್ಲದೆ, ಬೀಳುವ ಭಯವೂ ಇಲ್ಲದೆ ಇಳಿದು ಹೋದವು. ಒಂದು ಮಗು ತಿರುಗಿ ನೋಡಿ ನನಗೆ "ಪಿಜ್ಜಾ! ಪಿಜ್ಜಾ!" ಎಂದು ಕೂಗಿ ಹೇಳಿತು.

ನಾನು ಬಿದ್ದೆ. ಬೀಳುವುದೇನೂ ಕಷ್ಟವಿಲ್ಲ, ಮೆತ್ತಗೇ ಇತ್ತು. ಏಳುವುದೇ ಕಷ್ಟ. ಕೋಲು ಊರಿದರೆ ಹಿಡಿಯವರೆಗೂ ಇಳಿಯುತ್ತದೆ. ಕೈ ಊರಿದರೆ ಭುಜದವರೆಗೆ. ಎರಡೂ ಕೋಲನ್ನು ಅಡ್ಡಡ್ಡ ಹಾಕಿ ಅದರ ಮೇಲೆ ಒತ್ತಿ ಏಳಬೇಕಂತೆ. ಸ್ಕೀಗಳು ಇಳಿಜಾರಿಗೆ ಅಡ್ಡವಾಗಿರಬೇಕಂತೆ, ಇಲ್ಲದಿದ್ದರೆ ಎದ್ದ ತಕ್ಷಣ ಹೊರಟುಬಿಡುತ್ತವೆ. ಅಡ್ಡ ತಿರುಗಿಸಲು ನೋಡಿದರೆ ಒಂದು ಸ್ಕೀ ಇಲ್ಲ. ಒಳಗೆಲ್ಲೋ ಹುದುಗಿ ಹೋಗಿದೆ. ಕಲಿಸುವ ಹುಡುಗಿ, ನಾನು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು, ಎಲ್ಲ ಸೇರಿ ಕೋಲಿನಿಂದ ಚುಚ್ಚಿ ಚುಚ್ಚಿ ಹುಡುಕಿದೆವು. ಸಿಕ್ಕಿದ್ದು ನಾನು ಬಿದ್ದ ಜಾಗಕ್ಕಿಂತ ಮೇಲೆ.

ಭಾವ ಬೀಳಲಿಲ್ಲ. ಅವರು ಒಂದು ಕಡೆ ನಿಂತರು, ನಿಂತೇ ಬಿಟ್ಟರು. ಒದ್ದೆ ಹಿಮ ಸ್ಕೀಯನ್ನು ಹಾಗೆ ಹಿಡಿದಿತ್ತು. ಆ ಇಡೀ ದಿನದಲ್ಲಿ ಯಾವ ಬಿಗಿನರ್ ಕೂಡ ಅಷ್ಟು ಸ್ಥಿರವಾಗಿ ನಿಂತದ್ದನ್ನು ನಾನು ಕಾಣಲಿಲ್ಲ.

ಸಂಜೆ ಕಾಫಿ ಕುಡಿಯುತ್ತಾ ಭಾವ ಇದಕ್ಕೊಂದು ನಮಸ್ಕಾರ ಹಾಕುವವರಿದ್ದರು. ಅಷ್ಟರಲ್ಲಿ ಅಕ್ಕನ ಮಗ ಸ್ನೋಶೂ ಥಾಮ್ಸನ್ ಕಥೆ ಹೇಳಿದ. ನಾರ್ವೆಯಲ್ಲಿ ಹುಟ್ಟಿದವನು. 1856ರಿಂದ ಸುಮಾರು 20 ವರ್ಷ ಚಳಿಗಾಲದಲ್ಲಿ ಈ ಸಿಯೆರಾ ಬೆಟ್ಟ ದಾಟಿ ಟಪಾಲು ಹೊತ್ತವನು. ಕ್ಯಾಲಿಫೋರ್ನಿಯಾದ ಪ್ಲೇಸರ್‌ವಿಲ್‌ನಿಂದ ನೆವಾಡಾದ ಜಿನೋವಾಗೆ 90 ಮೈಲಿ. ಹೋಗಲು ಮೂರು ದಿನ, ಬರಲು ಎರಡು. ಹತ್ತು ಅಡಿ ಉದ್ದದ ಮರದ ಸ್ಕೀ, ಕೈಯಲ್ಲಿ ಒಂದೇ ಕೋಲು.

ಭಾವ ಲೋಟ ಕೆಳಗಿಟ್ಟರು. "ಅಂಚೆಯವನಾ?"

"ಹೂಂ. ಸರ್ಕಾರ ಅವನಿಗೆ ದುಡ್ಡೇ ಕೊಡಲಿಲ್ಲ. ವಾಷಿಂಗ್ಟನ್‌ಗೆ ಹೋಗಿ ಕೇಳಿದರೂ ಕೊಡಲಿಲ್ಲ."

"ಪೆನ್ಷನ್ನೂ ಇಲ್ವಾ?"

"ಸಂಬಳಾನೇ ಇಲ್ಲ ಅಪ್ಪ."

ಭಾವ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ "ಇನ್ನೊಂದು ಸಲ ಬರೋಣ" ಎಂದರು. ಇಲಾಖೆಯ ಮರ್ಯಾದೆಯ ಪ್ರಶ್ನೆ.

ಈ ಸಲ ದಿನ ಆರಿಸಿದ್ದು ನಾನು. ಏಪ್ರಿಲ್, ಬಿಸಿಲು, ವಾರದಿಂದ ಹೊಸ ಹಿಮ ಇಲ್ಲ. ಗುಂಪಿನಲ್ಲಿ ಎಲ್ಲರೂ "ಈಗ ಏನಿರುತ್ತೆ ಅಲ್ಲಿ?" ಎಂದು ನಕ್ಕರು. ಇರುವುದು ಇದು. ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಎಂಟೂವರೆಗೆ ಹೋದರೆ ಕಲ್ಲು, ಸ್ಕೀ ಕರಕರ ಎನ್ನುತ್ತದೆ, ಬಿದ್ದರೆ ಸೊಂಟ ಎನ್ನುತ್ತದೆ. ಆತುರ ಮಾಡದೆ ಚಿತ್ರಾನ್ನ ತಿಂದು ಹತ್ತೂವರೆಗೆ ಹೋಗಿ. ಮೇಲಿನ ಪದರ ಹರಳು ಹರಳಾಗಿ ಸಡಿಲವಾಗಿರುತ್ತದೆ. ವೇಗ ಮಿತಿ ಮೀರುವುದಿಲ್ಲ, ತಿರುಗುವುದು ಸುಲಭ, ಬಿದ್ದರೆ ನೋವಿಲ್ಲ, ಎದ್ದರೆ ಕಾಲು ಹೂಳುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ಅದು ನೀರುನೀರಾಗಿ ಸ್ಕೀಗೆ ಅಂಟುತ್ತದೆ, ಮಂಡಿ ತಿರುಚುತ್ತದೆ. ಆಗ ಎದ್ದು ಬಂದುಬಿಡಬೇಕು. ಸನ್‌ಸ್ಕ್ರೀನ್ ಮೂಗಿನ ಕೆಳಗೂ, ಗದ್ದದ ಅಡಿಗೂ ಹಚ್ಚಿ. ಬಿಸಿಲು ಹಿಮಕ್ಕೆ ಬಡಿದು ಕೆಳಗಿನಿಂದ ಸುಡುತ್ತದೆ. ಭಾವನ ಮೂಗಿನ ಹೊಳ್ಳೆ ಒಂದು ವಾರ ಸಿಪ್ಪೆ ಬಿಟ್ಟಿತು.

ರೆಸಾರ್ಟ್‌ಗಳು ಹಾಕುವ ಹಿಮದ ವರದಿಯನ್ನು ಓದುವುದೂ ಒಂದು ವಿದ್ಯೆ. ಗಂಡಿನ ಕಡೆಯವರಿಗೆ ಕೊಡುವ ಜಾತಕವೂ ಇಷ್ಟು ಜಾಣತನದಿಂದ ಬರೆದಿರುವುದಿಲ್ಲ. 'ಅರ್ಲಿ ಸೀಸನ್' ಎಂದಿದ್ದರೆ ಕಲ್ಲು ಕಾಣುತ್ತಿವೆ. 'ವೇರಿಯಬಲ್' ಎಂದಿದ್ದರೆ ಎಲ್ಲಿ ಏನಿದೆಯೋ ನಿಮ್ಮ ಹಣೆಬರಹ. ಈ ಕೊನೆಯದು ಭಾವನಿಗೆ ಬಹಳ ಹಿಡಿಸಿತು. ಯಾರೂ ತಪ್ಪು ಹಿಡಿಯಲಾಗದ ಉತ್ತರ, ಕಚೇರಿಯಲ್ಲಿ ಇದ್ದಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು ಎಂದರು.

ಆ ದಿನ ನಾವು ಇಳಿದೆವು! ಇಬ್ಬರೂ! ಪಿಜ್ಜಾ ಹಾಕಿಕೊಂಡೇ, ಅಕ್ಕನ ಮೊಬೈಲಿನ ಮುಂದೆಯೇ. ಅದೇ ತಪ್ಪಾಯಿತು. "ಹಾಗಾದ್ರೆ ಚೇರ್ ಲಿಫ್ಟ್‌ನಲ್ಲಿ ಮೇಲೆ ಹೋಗೋಣ, ಹಸಿರು ಗುರುತಿನ ದಾರಿ, ಸುಲಭ" ಎಂದ ಅಕ್ಕನ ಮಗ. ತಂತಿಗೆ ನೇತುಹಾಕಿದ ಈ ಕುರ್ಚಿ ನಿಲ್ಲುವುದಿಲ್ಲ, ಚಲಿಸುತ್ತಿರುವಾಗಲೇ ಕೂರಬೇಕು. ಕೂತೆವು. ಚಲಿಸುತ್ತಿರುವಾಗಲೇ ಎದ್ದು ಜಾರಿ ಹೋಗಬೇಕು. ಭಾವ ಎದ್ದರು, ಅವರ ಸ್ಕೀ ಮೇಲೆ ನಾನು ಎದ್ದೆ. ಇಬ್ಬರೂ ಒಟ್ಟಿಗೆ ಮಲಗಿದೆವು. ಆಪರೇಟರ್ ಲಿಫ್ಟ್ ನಿಲ್ಲಿಸಿದ. ಬೆಟ್ಟದುದ್ದಕ್ಕೂ ಕುರ್ಚಿಗಳು ಆಕಾಶದಲ್ಲಿ ತೂಗುತ್ತಾ ನಿಂತವು. ಅಷ್ಟೂ ಜನ ನಾವು ಏಳುವುದನ್ನೇ ಕಾದರು.

ಎದ್ದು, ಭಾವ ಕೆಳಗೆ ಇಣುಕಿ ನೋಡಿದರು. ಆಮೇಲೆ ಆಪರೇಟರ್ ಹತ್ತಿರ ಹೋಗಿ, ಈ ಕುರ್ಚಿ ವಾಪಸ್ಸು ಕೆಳಗೆ ಹೋಗುತ್ತದಲ್ಲ, ಖಾಲಿ ಯಾಕೆ ಹೋಗಬೇಕು ಎಂದು ಕೇಳಿದರು. ಆತ ಒಪ್ಪಿದ. ಅಕ್ಕನ ಮಗ ತಲೆ ತಗ್ಗಿಸಿ ಬೋರ್ಡ್ ಹತ್ತಿ ಹೊರಟುಹೋದ. ನಾವಿಬ್ಬರು ಸ್ಕೀ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಆರಾಮಾಗಿ ಇಳಿಯತೊಡಗಿದೆವು. ಮೇಲೆ ಬರುವವರೆಲ್ಲ ಎದುರಿಗೇ ಸಿಗುತ್ತಾರೆ. ನಾನು ಗಾಗಲ್ಸ್ ಕೆಳಗೆಳೆದುಕೊಂಡೆ. ಭಾವ ಮಾತ್ರ ಎಲ್ಲರಿಗೂ ಕೈ ಬೀಸುತ್ತಿದ್ದರು.

ಎದುರಿನ ಕುರ್ಚಿಯಿಂದ ಸ್ನೋಬೋರ್ಡಿನ ಹುಡುಗನೊಬ್ಬ ಕೂಗಿ ಕೇಳಿದ, ಮೇಲೆ ಸ್ನೋ ಹೇಗಿದೆ ಅಂತ.

"ವೇರಿಯಬಲ್!" ಎಂದರು ಭಾವ.

ಹುಡುಗ ಥ್ಯಾಂಕ್ಸ್ ಹೇಳಿದ.